ಪಚ್ಚ ವೈರು

ಕಾಚಿಗೂಡದ ನಮ್ಮ ಮನೆಗೆ ಕಾರು ಬರುವ ಮೊದಲೇ ಕಾರಿನ ಜಗಳ ಬಂದಿತ್ತು. ಮಾವನವರು ರೈಲ್ವೆ ಪಾರ್ಸೆಲ್ ಆಫೀಸಿನಿಂದ ನಿವೃತ್ತರಾಗಿ ಮೂರು ತಿಂಗಳೂ ಆಗಿರಲಿಲ್ಲ. ಬರ್ಕತ್‌ಪುರದ ವಕೀಲರೊಬ್ಬರ ಶೆಡ್ಡಿನಲ್ಲಿ ವರ್ಷಗಟ್ಟಲೆ ಅಲುಗದೆ ನಿಂತಿದ್ದ ಲ್ಯಾಂಡ್‌ಮಾಸ್ಟರ್ ಒಂದರ ಮೇಲೆ ಅವರ ಕಣ್ಣು ಬಿತ್ತು. ಅಂಬಾಸಿಡರ್ ಕಂಡವರಿಗೆ ಹೇಳುವುದಾದರೆ ಇದು ಅದರ ಅಣ್ಣ. ವಕೀಲರು ಶೆಡ್ಡು ಖಾಲಿಯಾದರೆ ಸಾಕು ಎಂದಿದ್ದರು. ಸ್ಟೇಷನ್ನಿನ ನಾಲ್ಕು ಮಂದಿ ಹಮಾಲರು ಅದನ್ನು ತಳ್ಳಿಕೊಂಡು ನಮ್ಮ ಅಂಗಳಕ್ಕೆ ತಂದು ನಿಲ್ಲಿಸಿದರು. ಮಾವ ಮುಂದೆ ಸ್ಟೇರಿಂಗ್ ಹಿಡಿದು ಕೂತಿದ್ದರು, ಮದುಮಗನ ಹಾಗೆ.

ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. "ಮನ್ಯಾಗ ಒಬ್ರು ರಿಟೈರ್ ಆಗಿ ಕುಂತದ್ದು ಸಾಲಲಿಲ್ಲೇನ್ರಿ? ಇನ್ನೊಂದನ್ನ ತಳ್ಳಿಸ್ಕೊಂಡು ಬಂದ್ರಿ," ಅಂದರು.

ನಮ್ಮ ಅತ್ತೆಯ ಬಾಯಿ ಇಡೀ ಗಲ್ಲಿಗೆ ಗೊತ್ತು. ಮಾವ ತಂದ ಟೊಮೇಟೊ ಕಾಯಿ, ಮಾವ ತಂದ ಮಾವಿನಹಣ್ಣು ಕಾಯಿ, ಮಾವ ಆರಿಸಿದ ಸೀರೆಗೆ ಕುಪ್ಪಸ ಹೊಂದುವುದಿಲ್ಲ. ಕೊನೆಗೆ ಅವರ ಕೈಗೆ ಚೀಲ ಕೊಡುವುದನ್ನೇ ನಿಲ್ಲಿಸಿದ್ದರು. ಮಾವನಿಗೆ ಬಿಳಿ ಅಂಗಿ ಬಿಟ್ಟು ಬೇರೆ ಅಂಗಿಯನ್ನೇ ಹೊಲಿಸುತ್ತಿರಲಿಲ್ಲ. ಸ್ಕೂಟರಿನ ಹಿಂದೆ ಕೂತಾಗಲೂ ಸುಮ್ಮನಿರುವ ಹೆಂಗಸಲ್ಲ. ಭಾನುವಾರ ನಾನು ಗಂಡನ ಸ್ಕೂಟರಿನ ಹಿಂದೆ, ಅವರು ಮಾವನ ಸ್ಕೂಟರಿನ ಹಿಂದೆ ಹೊರಟರೆ, ಪ್ರತಿ ಚೌಕದಲ್ಲೂ ಅವರ ದನಿ ಕೇಳುತ್ತಿತ್ತು: "ಹಸರ ಬಿತ್ರಿ, ನಡೀರಿ." ಗಂಡಸು ಸಿಗ್ನಲ್ ನೋಡಿಕೊಂಡು ಗಾಡಿ ಬಿಡುವಷ್ಟಾದರೂ ಬಿಡಬಾರದೇ ಅಂತ ನನಗೆ ಮಾವನ ಮೇಲೆ ಕನಿಕರ ಬರುತ್ತಿತ್ತು. ನಾನು ಮದುವೆಯಾಗಿ ಧಾರವಾಡದಿಂದ ಬಂದು ಎರಡು ವರ್ಷವಾಗಿತ್ತು. ಅತ್ತೆಯಿಂದ ನನಗೂ ಸಾಕಷ್ಟು ಪ್ರಸಾದ ಸಿಕ್ಕಿತ್ತು. ಹಾಗಾಗಿ ಮನೆಯಲ್ಲಿ ಎರಡು ಪಾರ್ಟಿಯಾದಾಗ ನಾನು ಯೋಚನೆಯೇ ಇಲ್ಲದೆ ಮಾವನ ಪಾರ್ಟಿ ಸೇರಿದೆ. ನನ್ನ ಗಂಡ ನಿಜಾಮಾಬಾದಿನಲ್ಲಿ ಕೆಲಸದಲ್ಲಿದ್ದು ಶನಿವಾರ ಬಂದು ಸೋಮವಾರ ಹೋಗುವವರು, ಅವರದು ಯಾವ ಪಾರ್ಟಿಯೂ ಅಲ್ಲ.

ಕಾರಿನ ಇಂಜಿನ್ ಗಟ್ಟಿಯಿತ್ತು. ಹೋಗಿದ್ದು ವೈರು. ಬಾನೆಟ್ ಎತ್ತಿದರೆ ಇಲಿ ಕಡಿದು ಬಿಟ್ಟ ತುಂಡುಗಳು, ಮುಟ್ಟಿದರೆ ಪುಡಿಯಾಗುವ ರಬ್ಬರು. ಹಾರ್ನ್ ಒತ್ತಿದರೆ ಏನೂ ಇಲ್ಲ, ಲೈಟಿನ ಗುಂಡಿ ಎಳೆದರೆ ಏನೂ ಇಲ್ಲ. ಅತ್ತೆ ಒಂದು ಕರಾರು ಹಾಕಿದರು.

"ಖಂಡೇನವಮಿ ದಿನ ನಡಿಯೂ ಗಾಡಿಗೆ ಪೂಜಿ ಮಾಡ್ತೀನಿ, ನಿಂತ ಗಾಡಿಗೆ ಅಲ್ಲ. ಅವತ್ತಿಗೆ ಇದು ಚಾಲೂ ಆಗ್ಲಿಲ್ಲಂದ್ರ ಜುಮ್ಮೇರಾತ್ ಬಜಾರಕ್ಕ ಕಳಸ್ರಿ."

ಖಂಡೇನವಮಿ ಅಂದರೆ ಆಯುಧಪೂಜೆ, ಜುಮ್ಮೇರಾತ್ ಬಜಾರ್ ಅಂದರೆ ಗುರುವಾರದ ಗುಜರಿ ಸಂತೆ. ಅಲ್ಲಿಗೆ ಹೋದದ್ದು ಇಡಿಯಾಗಿ ಹೊರಬರುವುದಿಲ್ಲ.

"ಆತು," ಅಂದರು ಮಾವ. ಅವರು ಆತು ಅಂದರೆ ಆತು. ಅಂದಿನಿಂದ ಆ ಕಾರಿಗೆ ಎರಡು ತಿಂಗಳ ಆಯುಷ್ಯ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತಾಯಿತು.

ಬೇರೆ ಯಾರಾದರೂ ಮೆಕ್ಯಾನಿಕನಿಗೆ ಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದರು. ಮಾವ ಒಪ್ಪಲಿಲ್ಲ. ಮೂವತ್ತೆಂಟು ವರ್ಷ ಬೇರೆಯವರ ಗಂಟುಮೂಟೆ ಕಳಿಸಿದ್ದಾಯಿತು, ಒಂದು ಕೆಲಸವನ್ನಾದರೂ ಕೊನೆಯತನಕ ನನ್ನ ಕೈಯಿಂದ ಮಾಡಬೇಕು ಅಂದರು. ಸಿಕಂದರಾಬಾದಿನ ರಾಣಿಗಂಜಿನಲ್ಲಿ ಹಳೆಯ ಗಾಡಿಗಳಿಗೆ ಹೊಂದುವ ಹಾಗೆ ಹೊಸದಾಗಿ ಹೆಣೆದ ವೈರಿಂಗ್ ಸೆಟ್ಟು ಸಿಗುತ್ತದೆಂದು ಯಾರೋ ಹೇಳಿದರು. ಕಾರು ಮಾಡಿದ ಕಂಪನಿಯದಲ್ಲ, ಹೊರಗಿನವರು ಅಳತೆ ನೋಡಿ ಮಾಡಿದ್ದು. ಮಾವ ಹೋಗಿ ತಂದರು. ಕಾಗದದ ಪೊಟ್ಟಣ ಬಿಚ್ಚಿದಾಗ ನನಗೆ ಕಂಡದ್ದು ಒಂದು ಜಡೆ. ದಪ್ಪಗೆ ಹೆಣೆದು ಕಪ್ಪು ಟೇಪು ಸುತ್ತಿದ ಉದ್ದನೆಯ ಜಡೆ, ಅಲ್ಲಲ್ಲಿ ಕವಲೊಡೆದು ಬಣ್ಣಬಣ್ಣದ ತುದಿಗಳು. ಯಾವ ತುದಿ ಎಲ್ಲಿಗೆ ಅನ್ನುವ ಚೀಟಿ ಮಾತ್ರ ಇರಲಿಲ್ಲ.

ಅಂಗಡಿಯವರು ಒಬ್ಬ ಎಲೆಕ್ಟ್ರಿಷಿಯನ್ನನ್ನು ಕಳಿಸಿಕೊಟ್ಟರು. ಮುದುಕ, ಎಲ್ಲರೂ ಮೇಸ್ತ್ರಿ ಅನ್ನುತ್ತಿದ್ದರು. ಹಿಂದಿ ಬರುತ್ತಿದ್ದರೂ ಆಡುತ್ತಿರಲಿಲ್ಲ, ಅವರದು ಅಪ್ಪಟ ತೆಲುಗು. ಕಟ್ಟೆಯ ಮೇಲೆ ಕೂತು, ಚಹಾ ಬಸಿಗೆ ಸುರಿದುಕೊಂಡು, ಕಣ್ಣು ಮುಚ್ಚಿ ಪಾಠ ಒಪ್ಪಿಸುವಂತೆ ಒಂದೊಂದೇ ಬಣ್ಣ, ಒಂದೊಂದೇ ಜಾಗ ಹೇಳಿದರು. ಬರೆದುಕೊಂಡವಳು ನಾನು. ಮಾವ ಗುಲ್ಬರ್ಗಾದವರು, ನಿಜಾಮರ ಕಾಲದಲ್ಲಿ ಉರ್ದು ಶಾಲೆಯಲ್ಲಿ ಓದಿದವರು. ಮನೆಯಲ್ಲಿ ಕನ್ನಡ, ಬಜಾರದಲ್ಲಿ ಉರ್ದು, ಅಷ್ಟರಲ್ಲೇ ಅವರ ಬದುಕು ಸಾಗಿತ್ತು, ತೆಲುಗು ಅವರ ನಾಲಿಗೆಗೆ ಹತ್ತಲೇ ಇಲ್ಲ. ನಾನೋ, ಎರಡು ವರ್ಷದಲ್ಲಿ ತರಕಾರಿಯವಳ ಜೊತೆ ಜಗಳವಾಡುವಷ್ಟು ತೆಲುಗು ಕಲಿತಿದ್ದೆ. ಅರ್ಧ ಕಲಿತವರ ಅಬ್ಬರ ಹೆಚ್ಚು ಅಂತಾರಲ್ಲ, ಹಾಗೆ. ಮೇಸ್ತ್ರಿ ಒಂದು ಸಲ ಹೇಳಿದ್ದನ್ನು ಎರಡನೆಯ ಸಲ ಕೇಳಲಿಲ್ಲ.

"ಪಚ್ಚ ವೈರು ಡೈನಮೋಕಿ," ಅಂದರು ಮೇಸ್ತ್ರಿ. ಬ್ಯಾಟರಿಗೆ ಕರೆಂಟು ತುಂಬುವ ಯಂತ್ರಕ್ಕೆ ಪಚ್ಚ ವೈರು. ಬರೆದುಕೊಂಡೆ.

"ಆಕುಪಚ್ಚ ಬ್ರೇಕ್ ಲೈಟುಕಿ." ಅದನ್ನೂ ಬರೆದುಕೊಂಡೆ.

ಪಚ್ಚೆ ಅಂದರೆ ಹಸಿರು, ಕನ್ನಡದ ಕೂಸಿಗೂ ಗೊತ್ತು. ಆಕು ಅಂದರೆ ಎಲೆ. ಜಡೆಯಲ್ಲಿ ನೋಡಿದರೆ ಸಾದಾ ಹಸಿರು ಒಂದಿತ್ತು, ಬಿಳಿ ಗೆರೆಯ ಹಸಿರು ಇನ್ನೊಂದಿತ್ತು. ಎಲೆಗೆ ನರವಿರುತ್ತದಲ್ಲ, ಗೆರೆ ಇದ್ದದ್ದು ಎಲೆಹಸಿರು, ಇಲ್ಲದ್ದು ಬರಿ ಪಚ್ಚ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ.

ಮರುದಿನದಿಂದ ಕೆಲಸ ಶುರುವಾಯಿತು. ಬೆಳಗಿನ ಅಡುಗೆ ಮುಗಿಸಿ ನಾನು ನೋಟ್‌ಬುಕ್ ಹಿಡಿದು ಕಾರಿನ ಹತ್ತಿರ ಮಣೆ ಹಾಕಿಕೊಂಡು ಕೂರುವುದು, ಮಾವ ಪಕ್ಕಡ ಹಿಡಿದು ಒಳಗೆ ಬಗ್ಗುವುದು. ನಾನು "ಕೆಂಪು, ಹಿಂದಿನ ಲೈಟಿಗೆ" ಅಂದರೆ ಅವರು ಒಂದು ತುದಿ ಎತ್ತಿ ಹಿಡಿದು, "ಇದ ಹೌದಲ್ಲ ಯವ್ವಾ?" ಅನ್ನುವರು. ನಾನು ಹೌದು ಅನ್ನುವೆ, ಅಥವಾ ಅಲ್ಲ, ಅದರ ಪಕ್ಕದ್ದು ಅನ್ನುವೆ. ಪ್ರತಿ ತುದಿಗೂ ಕೇಳುತ್ತಿದ್ದರು. ಪಾರ್ಸೆಲ್ ಆಫೀಸಿನ ಅಭ್ಯಾಸ, ಒಂದಕ್ಕೆ ಎರಡು ಸಲ ನೋಡುವವರು ಅಂದುಕೊಂಡೆ. ಅವರ ಕೈ ಮಾತ್ರ ಭಾರಿ ಅಚ್ಚುಕಟ್ಟು. ತುದಿ ಸುಲಿದು, ತಾಮ್ರದ ಎಳೆಗಳನ್ನು ಬತ್ತಿ ಹೊಸೆದಂತೆ ಹೊಸೆದು, ಸ್ಕ್ರೂ ಬಿಗಿದು, ಎಳೆದು ನೋಡಿ, ಆಮೇಲೆಯೇ ಮುಂದಿನದು. ಹಿಂದಿನ ಲೈಟು, ಒಳಗಿನ ಮೀಟರು, ವೈಪರು, ಎಲ್ಲ ಹೀಗೆ ಸರಾಗವಾಗಿ ಆದವು. ಹತ್ತಾರು ದಿನ ನಾವಿಬ್ಬರೂ ಹೀಗೆ ಕಳೆದೆವು. ಮಾವ ಸೊಸೆ ಒಂದೇ ಕೆಲಸಕ್ಕೆ ಕೂರುವುದು ನಮ್ಮ ಕಡೆ ಇರುವ ರೂಢಿಯಲ್ಲ, ಆದರೂ ಅತ್ತೆ ಒಂದು ಮಾತೂ ಆಡಲಿಲ್ಲ. ಕಿಟಕಿಯಿಂದ ಆಗಾಗ ನೋಡುತ್ತಿದ್ದರು, ಅಷ್ಟೇ. ಮುಂದಿನ ಗುಂಡು ಹಾರಿಸಲು ಮದ್ದು ತುಂಬುತ್ತಿದ್ದಾರೆ ಅಂದುಕೊಂಡೆ.

ಖಂಡೇನವಮಿಗೆ ಐದು ದಿನ ಉಳಿದಿತ್ತು. ಬಾನೆಟ್ಟಿನೊಳಗಿನ ತುದಿಗಳಷ್ಟೇ ಬಾಕಿ. ಅವತ್ತು ಮಾವನ ಹಳೆಯ ಸಹೋದ್ಯೋಗಿಯೊಬ್ಬರು ಬಂದರು. ಇಬ್ಬರೂ ಒಂದೇ ವರ್ಷ ರೈಲ್ವೆ ಸೇರಿದವರಂತೆ, ಅವರು ಇಂಜಿನ್ ಡ್ರೈವರ್ ಆಗಿ ನಿವೃತ್ತರಾದವರು. ಕಾರಿನ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕಾಲ ಮೇಲೆ ಕಾಲು ಹಾಕಿ ಕೂತರು. ಹೊರಗಿನ ಗಂಡಸು ಕೂತಾಗ ನಾನು ಅಲ್ಲಿ ಮಣೆ ಹಾಕುವುದು ಸರಿಯಲ್ಲ. ಪಡಸಾಲೆಯಲ್ಲಿ ಮೊರ ಹಿಡಿದು ಅಕ್ಕಿ ಆರಿಸುತ್ತ, ಅಲ್ಲಿಂದಲೇ ನೋಟ್‌ಬುಕ್ ನೋಡಿ ಓದಿದೆ.

"ಹಸರ, ಡೈನಮೋಕ್ಕ ಮಾವಾರ."

ಒಳಗೆ ಬಗ್ಗಿದ್ದ ಮಾವ ಕತ್ತು ತಿರುಗಿಸಿ ಒಮ್ಮೆ ನನ್ನತ್ತ ನೋಡಿದರು, ಒಮ್ಮೆ ಗೆಳೆಯನತ್ತ ನೋಡಿದರು. ಗೆಳೆಯ, "ಭಾಳ ಚಲೋ ನಡಸೀಯಪ್ಪಾ," ಅನ್ನುತ್ತ ಚಹಾ ಕುಡಿಯುತ್ತಿದ್ದರು. ಮಾವ ಮತ್ತೆ ಬಗ್ಗಿದರು. ಆ ದಿನ ಒಂದು ಸಲವೂ "ಇದ ಹೌದಲ್ಲ?" ಅಂತ ಕೇಳಲಿಲ್ಲ. ಕೊನೆಯಲ್ಲಿ ಎರಡು ತುದಿ ಉಳಿದವು. ಹೆಚ್ಚಿಗೆ ಕೊಟ್ಟಿರುತ್ತಾರೆ ಅಂದರು.

ಬ್ಯಾಟರಿಯ ಎರಡನೆಯ ಕ್ಲಿಪ್ಪು ಬಿಗಿದ ಮೂರೋ ನಾಲ್ಕೋ ಉಸಿರಿಗೆ ಹೊಗೆ ಬಂತು. ಮೊದಲು ರಬ್ಬರು ಸುಟ್ಟ ವಾಸನೆ, ಆಮೇಲೆ ಬಾನೆಟ್ಟಿನಿಂದ ದಟ್ಟವಾದ ಬಿಳಿ ಹೊಗೆ. ಡ್ರೈವರ್ ಗೆಳೆಯರು ಕಪ್ಪುಬಸಿ ಸಮೇತ ಗೇಟು ದಾಟಿದರು. ಮಾವ ಮಾತ್ರ ಹೊಗೆಯೊಳಗೆ ಕೈ ಹಾಕಿ ಕ್ಲಿಪ್ಪು ಕಿತ್ತರು. ಅಂಗೈ ಸುಟ್ಟಿತ್ತು. ಅತ್ತೆ ಓಡಿ ಬಂದು ಆ ಕೈಯನ್ನು ನೀರಿನ ಕೊಡದೊಳಗೆ ಅದ್ದಿದರು.

ಗೇಟಿನ ಆಚೆಯಿಂದ ಗೆಳೆಯರು ನಕ್ಕರು. "ಪಾರ್ಸೆಲ್ ಕ್ಲಾರ್ಕು ಡ್ರೈವರ್ ಆಗಾಕ ಹೋದ್ರ ಹಿಂಗ ಆಕೈತಿ ನೋಡಪಾ."

ತಮಾಷೆಯ ಮಾತು, ಅವರು ಕೆಟ್ಟವರಲ್ಲ. ಆದರೆ ಮಾವನ ಮುಖ ಬಿದ್ದುಹೋದದ್ದನ್ನು ನಾನು ನೋಡಿದೆ. ಅಷ್ಟು ಬಿದ್ದ ಮುಖವನ್ನು ಅಂಗೈ ಸುಟ್ಟಾಗಲೂ ನೋಡಿರಲಿಲ್ಲ.

ಎಲ್ಲರೂ ಒಳಗೆ ಹೋದ ಮೇಲೆ ಬಾನೆಟ್ಟಿನೊಳಗೆ ಇಣುಕಿದೆ. ಡೈನಮೋಕ್ಕೆ ಬಿಗಿದಿದ್ದ ವೈರು ಹಸಿರಾಗಿರಲಿಲ್ಲ. ಕಂದು ಬಣ್ಣದ್ದು. ಹಸಿರು ಪಕ್ಕದಲ್ಲಿ ಹಾಗೇ ಇತ್ತು, ಇನ್ನೊಂದು ಹಳದಿ ತುದಿಯ ಜೊತೆ. ಹಗಲು ಹನ್ನೊಂದು ಗಂಟೆ, ಅಂಗಳದ ತುಂಬ ಬಿಸಿಲು. ಹಸಿರಿಗೂ ಕಂದಿಗೂ ಅಷ್ಟು ಬೆಳಕಿನಲ್ಲಿ ವ್ಯತ್ಯಾಸ ಕಾಣದೆ ಹೋಗುವುದು ಹೇಗೆ ಅಂತ ಒಂದು ಕ್ಷಣ ಅನ್ನಿಸಿತು. ಮರುಕ್ಷಣ ಎಲ್ಲ ಒಟ್ಟಿಗೆ ನೆನಪಾಯಿತು. ಪ್ರತಿ ತುದಿಗೂ "ಇದ ಹೌದಲ್ಲ?" ಕಾಯಿ ಟೊಮೇಟೊ. ಬಿಳಿ ಅಂಗಿ. ಮಾವನಿಗೆ ಆ ವ್ಯತ್ಯಾಸ ಕಾಣುತ್ತಿರಲಿಲ್ಲ.

ಸಂಜೆ ಮೇಸ್ತ್ರಿಯನ್ನು ಕರೆಸಿದರು. ಅತ್ತೆ, ಮಾವ, ನಾನು ಮೂವರೂ ನಿಂತಿದ್ದೆವು. ಮೇಸ್ತ್ರಿ ಮೊದಲು ಉಳಿದ ಹಳದಿ ತುದಿ ಹಿಡಿದು, ಇದನ್ನು ಯಾಕೆ ಹಾಗೇ ಬಿಟ್ಟಿರಿ, ಡೈನಮೋಕ್ಕೆ ಪಚ್ಚ ಅಂದಿದ್ದೆನಲ್ಲ ಅಂದರು. ಅದು ಹಳದಿ, ಪಚ್ಚ ಅಲ್ಲ ಅಂದೆ ನಾನು, ನನ್ನ ತರಕಾರಿ ತೆಲುಗಿನಲ್ಲಿ. ಮೇಸ್ತ್ರಿ ನನ್ನನ್ನು ಎಳೆಗೂಸನ್ನು ನೋಡುವಂತೆ ನೋಡಿದರು.

"ಅಮ್ಮಾ, ಪಚ್ಚಕಾಮೆರ್ಲು ವಸ್ತೇ ಕಳ್ಳು ಏ ರಂಗು ಅವುತಾಯಿ?" ಕಾಮಾಲೆ ಬಂದರೆ ಕಣ್ಣು ಯಾವ ಬಣ್ಣಕ್ಕೆ ತಿರುಗುತ್ತದೆ?

ಹಳದಿ. ತೆಲುಗಿನವರ ಬಾಯಲ್ಲಿ ಬರಿ ಪಚ್ಚ ಅಂದರೆ ಹಳದಿ, ಹಸಿರು ಬೇಕಾದರೆ ಆಕುಪಚ್ಚ. ಎಲೆ ಇಲ್ಲದ ಪಚ್ಚ ಅರಿಷಿಣದ್ದು. ನನ್ನ ಜಾಣತನ ಅಲ್ಲೇ ಮಣ್ಣುಪಾಲಾಯಿತು.

ಆಮೇಲೆ ಮೇಸ್ತ್ರಿ ಸುಟ್ಟ ವೈರನ್ನು ಬೆರಳಲ್ಲಿ ಎತ್ತಿ ಹಿಡಿದರು. "ಇದಿ ಪಚ್ಚಾ ಕಾದು, ಆಕುಪಚ್ಚಾ ಕಾದು," ಅಂದರು. ಇದು ಹಳದಿಯೂ ಅಲ್ಲ, ಹಸಿರೂ ಅಲ್ಲ. ಬ್ಯಾಟರಿಯಿಂದ ನೇರ ಬರುವ ಕಂದು ವೈರು, ಕೀಲಿ ತಿರುಗಿಸದಿದ್ದರೂ ಇದರಲ್ಲಿ ಕರೆಂಟು ಇರುತ್ತದೆ. ಹಸಿರು ಹಚ್ಚಿದ್ದರೂ ಒಂದು ಫ್ಯೂಸು ಹೋಗುತ್ತಿತ್ತು, ಅಷ್ಟೇ. ಇದನ್ನು ಹಚ್ಚಿದ್ದು ಯಾರು ಅಂತ ಕೇಳಿದರು.

ಮಾವ ನೆಲ ನೋಡುತ್ತಿದ್ದರು. ಬಟ್ಟೆ ಸುತ್ತಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಿದ್ದರು. ನಾನು ಯೋಚಿಸಿ ಆಡಿದ ಮಾತಲ್ಲ ಅದು, ಬಾಯಿಂದ ತಾನೇ ಬಂತು.

"ನಂದ ತಪ್ಪ್ರಿ. ನಾನ ಅದನ್ನ ತೋರಿಸಿ ಹಚ್ಚರಿ ಅಂದೆ. ನನಗ ತೆಲುಗು ಬರಂಗಿಲ್ಲ."

ಹಾಗಂದು ಅತ್ತೆಯ ಕಡೆ ನೋಡಿ, ಬೈಗುಳಕ್ಕೆ ತಯಾರಾಗಿ ನಿಂತೆ. ಪಡಸಾಲೆಯಲ್ಲಿ ಮೊರ ಹಿಡಿದು ಕೂತಿದ್ದವಳು ಬಾನೆಟ್ಟಿನ ವೈರು ತೋರಿಸಿದ್ದು ಹೇಗೆ ಅಂತ ಅತ್ತೆ ಕೇಳಿದ್ದರೆ ನಾನು ಸಿಕ್ಕಿಬೀಳುತ್ತಿದ್ದೆ. ನಾನು ಅಲ್ಲಿ ಕೂತದ್ದನ್ನು ಅವರೇ ನೋಡಿದ್ದರು, ಅಕ್ಕಿ ಕೊಟ್ಟವರೇ ಅವರು. ಅತ್ತೆ ನನ್ನನ್ನು ದಿಟ್ಟಿಸಿ ನೋಡಿದರು. ಎರಡು ವರ್ಷದಲ್ಲಿ ಅವರು ನನ್ನನ್ನು ಹಾಗೆ ನೋಡಿರಲಿಲ್ಲ.

"ಆತ ಬಿಡು," ಅಂದರು. "ಖಂಡೇನವಮಿ ಹೋದ್ರ ಹೋಗ್ಲಿ. ದೀಪಾವಳಿ ಪಾಡ್ಯಕ್ಕೂ ಗಾಡಿ ಪೂಜಿ ಮಾಡ್ತಾರ."

ರಾತ್ರಿ ಊಟಕ್ಕೆ ನನ್ನ ತಟ್ಟೆಗೆ ಕೇಳದೆ ಎರಡು ಚಮಚ ತುಪ್ಪ ಬಿತ್ತು. ವ್ಯಂಗ್ಯವಿರಬೇಕು ಅಂದುಕೊಂಡು ಉಂಡೆ.

ಮರುದಿನ ಬೆಳಿಗ್ಗೆ ಮಾವ ಕಾರಿನ ಹತ್ತಿರ ನನ್ನನ್ನು ಕರೆದರು. ಬಾನೆಟ್ ತೆರೆಯಲಿಲ್ಲ. ಅದರ ಮೇಲೆ ಸುಟ್ಟಿರದ ಕೈಯಿಟ್ಟು ನಿಂತರು.

"ಸುಳ್ಳ ಯಾಕ ಹೇಳಿದಿ ತಂಗಿ?"

"ಸುಳ್ಳಲ್ರಿ ಮಾವಾರ. ಪಚ್ಚ ತಪ್ಪು ತಿಳಕೊಂಡಾಕಿ ನಾನ."

"ಪಚ್ಚ ನಿಂದು. ಕಂದು ನಂದು."

ಅವರು ರಸ್ತೆಯ ಕಡೆ ನೋಡುತ್ತ ಹೇಳಿದರು. ಇಪ್ಪತ್ತರ ವಯಸ್ಸಿನಲ್ಲಿ ಇಂಜಿನ್ ಡ್ರೈವರ್ ಆಗಬೇಕೆಂದೇ ಅವರು ಗುಲ್ಬರ್ಗಾದಿಂದ ಬಂದದ್ದು. ಬರೆಯುವ ಪರೀಕ್ಷೆ ಪಾಸಾಗಿತ್ತು. ಸಿಕಂದರಾಬಾದಿನಲ್ಲಿ ವೈದ್ಯಕೀಯ ತಪಾಸಣೆ. ಡಾಕ್ಟರರು ಒಂದು ಪುಸ್ತಕ ಮುಂದಿಟ್ಟರು, ಪುಟದ ತುಂಬ ಬಣ್ಣದ ಚುಕ್ಕಿಗಳು. ಒಳಗೆ ಯಾವ ಅಂಕಿ ಇದೆ ಓದು ಅಂದರು.

"ನನ್ನ ಮುಂದಿನಾಂವ ಪಟಪಟಾ ಓದಿದ. ನನಗ ಬರೇ ಚುಕ್ಕಿ ಯವ್ವಾ. ಪುಟ ತಿರುವಿದ್ರೂ ಚುಕ್ಕಿ. ಅಲ್ಲಿತನಕ ನನಗ ಗೊತ್ತ ಇದ್ದಿಲ್ಲ, ಎಲ್ಲಾರಿಗೂ ಕಾಣೂದು ನನಗ ಕಾಣಂಗಿಲ್ಲ ಅಂತ."

ಹಸಿರು, ಕೆಂಪು, ಕಂದು ಇವೆಲ್ಲ ಅವರಿಗೆ ಒಂದರ ಪಕ್ಕ ಒಂದಿಟ್ಟರೆ ಮಣ್ಣಿನ ಬೇರೆ ಬೇರೆ ಛಾಯೆಗಳಷ್ಟೇ. ರೈಲು ಓಡಿಸುವವನಿಗೆ ಹಸಿರು ಕೆಂಪು ಗೊತ್ತಾಗದಿದ್ದರೆ ಆಗುತ್ತದೆಯೇ? ಪಾರ್ಸೆಲ್ ಆಫೀಸಿಗೆ ಹಾಕಿದರು. ಊರಿಗೆ ಬರೆದದ್ದು ಮಾತ್ರ, ಇಂಜಿನ್ ಶಾಖ ನನ್ನ ದೇಹಕ್ಕೆ ಒಗ್ಗುವುದಿಲ್ಲ, ನಾನೇ ಕ್ಲಾರ್ಕ್ ಕೆಲಸ ಆರಿಸಿಕೊಂಡೆ ಅಂತ. ಆ ಸುಳ್ಳನ್ನು ಮದುವೆಯಲ್ಲಿ ಹೆಂಡತಿಯ ಮನೆಯವರಿಗೂ ಹೇಳಿದ್ದರು. ಆಮೇಲೆ ತಿದ್ದುವ ಸಂದರ್ಭ ಬರಲಿಲ್ಲ.

"ಅತ್ಯಾರಿಗೆ ಗೊತ್ತಿಲ್ಲೇನ್ರಿ?"

"ಯಾರಿಗೂ ಗೊತ್ತಿಲ್ಲ. ಈಗ ನಿನಗ."

ನನಗೆ ಅಳು ಬಂತು. ಇಷ್ಟು ವರ್ಷ ಒಬ್ಬ ಮನುಷ್ಯ ಒಂದು ಬಣ್ಣವನ್ನು ಬಚ್ಚಿಟ್ಟುಕೊಂಡು ಬದುಕಿದ್ದಾನಲ್ಲ ಅಂತ. ಅಳು ನುಂಗಿ, ಹಾಗಾದರೆ ನಾನೇ ಪಕ್ಕದಲ್ಲಿ ಕೂತು ಒಂದೊಂದೇ ತೋರಿಸುತ್ತೇನೆ ಅಂದೆ. ಅವರಿಗೆ ಅದು ಸೇರಲಿಲ್ಲ. ಸೊಸೆ ಬೆರಳು ತೋರಿಸಿದಲ್ಲಿ ಸ್ಕ್ರೂ ತಿರುಗಿಸುವುದಾದರೆ ನನ್ನ ಕೈಯಿಂದ ಆದ ಕೆಲಸ ಹೇಗಾಯಿತು ಅಂದರು. ಗಡ್ಡ ಕೆರೆದುಕೊಂಡು ನಿಂತವರು ಇದ್ದಕ್ಕಿದ್ದಂತೆ ಒಳಗೆ ಹೋಗಿ ತಮ್ಮ ಹಳೆಯ ಟ್ರಂಕು ತೆರೆದರು. ಒಂದು ಕಟ್ಟು ದಪ್ಪ ರಟ್ಟಿನ ಚೀಟಿಗಳು, ತೂತಿನಲ್ಲಿ ಹುರಿ ಪೋಣಿಸಿದ್ದು. ಮೂಟೆಗಳಿಗೆ ಕಟ್ಟುವ ಪಾರ್ಸೆಲ್ ಚೀಟಿಗಳು.

"ಪಾರ್ಸಲ್ಲಿಗೆ ಬಣ್ಣ ಯಾರ ನೋಡ್ತಾರವ್ವಾ?" ಅಂದರು. "ಎಲ್ಲಿಂದ, ಎಲ್ಲಿಗೆ. ಅಷ್ಟ ಸಾಕು."

ಎರಡು ದಿನ ಅದೇ ಕೆಲಸ. ಮೇಸ್ತ್ರಿ ಸುಟ್ಟ ಭಾಗ ಕತ್ತರಿಸಿ ಹೊಸದು ಹಾಕಿಕೊಟ್ಟಿದ್ದರು, ನನ್ನ ನೋಟ್‌ಬುಕ್ಕನ್ನೂ ತಿದ್ದಿಸಿದ್ದರು. ಹಿಂದೆ ಹಚ್ಚಿದ್ದನ್ನೆಲ್ಲ ಮಾವ ಬಿಚ್ಚಿದರು. ಜಡೆಯನ್ನು ಪಡಸಾಲೆಯ ಉದ್ದಕ್ಕೂ ಹಾಸಿ ನಾನು ಒಂದೊಂದೇ ತುದಿ ಹಿಡಿದು ಬಣ್ಣ ಹೇಳಿದೆ, ಎಲ್ಲಿಗೆ ಅಂತ ಹೇಳಿದೆ. ಮಾವ ಚೀಟಿಯ ಮೇಲೆ ಬರೆದು ಕಟ್ಟಿದರು. ಬರೆದದ್ದು ಉರ್ದುವಿನಲ್ಲಿ. ಅವರ ಕೈಗೆ ವೇಗವಾಗಿ ಬರುತ್ತಿದ್ದದ್ದು ಅದೇ. ಎಲ್ಲ ಮುಗಿದು ಕಾರಿಗೆ ಹಚ್ಚಲು ಶುರುಮಾಡಿದಾಗ ನೋಡುತ್ತೇನೆ, ಆ ಚೀಟಿಗಳಲ್ಲಿ ಒಂದಕ್ಷರವೂ ನನಗೆ ಓದಲು ಬಾರದು. ಬಲದಿಂದ ಎಡಕ್ಕೆ ಹರಿಯುವ ಆ ಗೆರೆಗಳು, ಚುಕ್ಕಿಗಳು. ಹೌದು, ನನಗೆ ಬರೇ ಚುಕ್ಕಿ. ಈಗ ನಾನು ಒಂದು ತುದಿ ಎತ್ತಿ ಹಿಡಿದು, "ಇದ ಹೌದಲ್ರಿ ಮಾವಾರ?" ಅಂತ ಕೇಳಬೇಕು, ಅವರು ಚೀಟಿ ಓದಿ ಹೌದು, ಅಲ್ಲ ಅನ್ನಬೇಕು. ಅದನ್ನು ಹೇಳುವಾಗ ಅವರ ದನಿಯಲ್ಲಿ ಒಂದು ಗತ್ತು ಬಂದಿತ್ತು. ಅದನ್ನು ಕೇಳಲೆಂದೇ ನಾನು ಬೇಕಿಲ್ಲದಿದ್ದರೂ ಕೇಳಿದೆ.

ಪಾಡ್ಯಕ್ಕೆ ನಾಲ್ಕು ದಿನ ಮುಂಚೆ ಬ್ಯಾಟರಿ ಹಚ್ಚಿದರು. ನಾವು ಮೂವರೂ ಬಾನೆಟ್ಟನ್ನೇ ನೋಡುತ್ತ ನಿಂತೆವು. ಹೊಗೆ ಬರಲಿಲ್ಲ. ಮಾವ ಕೀಲಿ ತಿರುಗಿಸಿದರು. ಸಣ್ಣದೊಂದು ಕೆಂಪು ದೀಪ ಹತ್ತಿತು. ಸ್ಟಾರ್ಟರ್ ಎಳೆದರು, ಕಾರು ಎರಡು ಸಲ ಕೆಮ್ಮಿ ಮೂರನೆಯದಕ್ಕೆ ಎದ್ದಿತು. ಹಾರ್ನ್ ಒತ್ತಿದರೆ ಗಲ್ಲಿಯ ನಾಯಿಗಳೆಲ್ಲ ಓಡಿದವು. ಅತ್ತೆ ಸೆರಗಿನ ತುದಿಯಿಂದ ಮುಖ ಒರೆಸಿಕೊಂಡು, "ಇನ್ನ ಇದರ ಸಪ್ಪಳಾ ಬ್ಯಾರೆ ಕೇಳಬೇಕು," ಅಂದು ಒಳಗೆ ಹೋದರು. ಆ ದಿನ ಮಾಡಿದ್ದು ಹೋಳಿಗೆ.

ಪಾಡ್ಯದ ದಿನ ಕಾರಿಗೆ ಚೆಂಡುಹೂವಿನ ಮಾಲೆ ಹಾಕಿ, ಗಾಲಿಗಳ ಕೆಳಗೆ ನಿಂಬೆಹಣ್ಣಿಟ್ಟು ಪೂಜೆ ಮಾಡಿದೆವು. ಸಿಕಂದರಾಬಾದ್ ಸ್ಟೇಷನ್ನಿನ ಹತ್ತಿರದ ಗಣಪತಿಗೆ ಕಾಯಿ ಒಡೆಸಿಕೊಂಡು ಬರುವುದೆಂದಾಯಿತು. ಹಬ್ಬಕ್ಕೆ ಬಂದಿದ್ದ ನನ್ನ ಗಂಡ, ನಾನು ಸ್ಕೂಟರಿನಲ್ಲಿ ಹಿಂದೆ ಬರುತ್ತೇನೆ, ಕಾರು ನಿಂತರೆ ತಳ್ಳಲು ಒಬ್ಬರಾದರೂ ಬೇಕಲ್ಲ ಅಂದರು. ಕಾರಿನಲ್ಲಿ ಮಾವನ ಪಕ್ಕ ನಾನು ಕೂತೆ, ಅತ್ತೆ ಹಿಂದೆ ಕೂತರು. ಮುಂದೆ ಕೂರಿರಿ ಅಂದರೆ, ಬೇಡ, ಕಾಲು ಚಾಚಲು ಹಿಂದೆಯೇ ಚಲೋ ಅಂದರು.

ನಾರಾಯಣಗುಡದ ಚೌಕದಲ್ಲಿ ಮೊದಲ ಸಿಗ್ನಲ್. ಮಾವ ನಿಲ್ಲಿಸಿದರು. ನಾನು ಪಕ್ಕದಲ್ಲಿ ಕೂತು ಆ ಮೂರು ದೀಪಗಳನ್ನೂ ಅವರ ಮುಖವನ್ನೂ ನೋಡುತ್ತಿದ್ದೆ. ಮೇಲಿನದು ನಿಲ್ಲು, ಕೆಳಗಿನದು ಹೋಗು, ಜಾಗ ನೋಡಿ ತಿಳಿಯುತ್ತಾರೆ ಅಂತ ನನಗೆ ನಾನೇ ಧೈರ್ಯ ಹೇಳಿಕೊಳ್ಳುತ್ತಿದ್ದೆ.

"ಹಸರ ಬಿತ್ರಿ, ನಡೀರಿ," ಅಂದರು ಹಿಂದಿನಿಂದ ಅತ್ತೆ.

ಮಾವ ಗೇರು ಹಾಕಿದರು.

ಮುಂದಿನ ಚೌಕದಲ್ಲಿ, "ಹಸರ ಬಿತ್ರಿ." ಅದರ ಮುಂದಿನದರಲ್ಲೂ, "ಬಿತ್ರಿ." ನಾನು ಮೆಲ್ಲಗೆ ಹಿಂದೆ ತಿರುಗಿದೆ. ಅತ್ತೆ ನನ್ನತ್ತ ನೋಡಲಿಲ್ಲ. ಮಡಿಲಲ್ಲಿ ತೆಂಗಿನಕಾಯಿಯ ಚೀಲ ಇಟ್ಟುಕೊಂಡು, ಸಿಗ್ನಲ್ ಕಂಬದ ಮೇಲೆಯೇ ಕಣ್ಣಿಟ್ಟು ನೆಟ್ಟಗೆ ಕೂತಿದ್ದರು. ಕೈಗೆ ಚೀಲ ಕೊಡದೆ ತಾವೇ ಹೋಗಿ ಟೊಮೇಟೊ ತರುತ್ತಿದ್ದ ಹೆಂಗಸು. ಯಾವುದಕ್ಕೂ ಹೊಂದುವ ಬಿಳಿ ಅಂಗಿಯನ್ನೇ ಹೊಲಿಸಿದ ಹೆಂಗಸು. ಚಾಲೂ ಆಗದಿದ್ದರೆ ಗುಜರಿಗೆ ಕಳಿಸಿ ಅಂತ ಕರಾರು ಹಾಕಿದ್ದೂ ಅದಕ್ಕೇ. ಯಾರಿಗೂ ಗೊತ್ತಿಲ್ಲ ಅಂದಿದ್ದರು ಮಾವ. ಆ ತುಪ್ಪದಲ್ಲಿ ವ್ಯಂಗ್ಯವಿರಲಿಲ್ಲ. ನನಗೆ ನಾಚಿಕೆಯಾಯಿತು. ಎರಡು ವರ್ಷ ಆ ಬಾಯಿಯನ್ನು ಬರೀ ಬಾಯಿ ಅಂದುಕೊಂಡಿದ್ದೆ.

ಗಣಪತಿಗೆ ಕಾಯಿ ಒಡೆಸಿ, ಬೇಗಂಪೇಟೆಯ ಕಡೆ ಒಂದು ಸುತ್ತು ಹಾಕಿ, ಟ್ಯಾಂಕ್‌ಬಂಡ್ ಮೇಲೆ ನಿಲ್ಲಿಸಿ ಗಾಳಿ ಕುಡಿದು ಸಂಜೆ ಮನೆಗೆ ಹೊರಟೆವು. ಹಿಮಾಯತನಗರ ದಾಟುವಾಗ ಹಿಂದೆ ತಿರುಗಿ ನೋಡಿದೆ. ಅತ್ತೆ ಸೀಟಿಗೆ ತಲೆಯೊರಗಿಸಿ ಕಣ್ಣು ಮುಚ್ಚಿದ್ದರು.

ನಾರಾಯಣಗುಡದ ಸಿಗ್ನಲ್ಲಿಗೆ ಬಂದಾಗ ಸೂರ್ಯ ನಮ್ಮ ಬೆನ್ನಿಗಿದ್ದ. ಇಳಿಬಿಸಿಲು ನೇರವಾಗಿ ದೀಪಗಳ ಮೇಲೆ ಬಿದ್ದು ಮೂರೂ ಒಟ್ಟಿಗೆ ಹತ್ತಿದಂತೆ ಹೊಳೆಯುತ್ತಿದ್ದವು. ನಿಜವಾಗಿ ಹತ್ತಿದ್ದು ಮೇಲಿನದೋ, ಕೆಳಗಿನದೋ ಅಂತ ಜಾಗ ನೋಡಿ ಹೇಳುವ ಹಾಗಿರಲಿಲ್ಲ. ಬಣ್ಣ ಬಲ್ಲವರು ಮಾತ್ರ ಕಣ್ಣು ಕಿರಿದು ಮಾಡಿ ತಿಳಿಯಬಹುದಿತ್ತು. ಮಾವ ಸ್ಟೇರಿಂಗನ್ನು ಎರಡೂ ಕೈಯಲ್ಲಿ ಹಿಡಿದರು. ಹಿಂದಿನಿಂದ ದನಿ ಬರಲಿಲ್ಲ. ಲಾರಿಯವನೊಬ್ಬ ಹಾರ್ನ್ ಹೊಡೆದ. ಮಾವನ ಕುತ್ತಿಗೆಯ ಮೇಲೆ ಬೆವರು ಕಂಡಿತು. ನಾನು ಮತ್ತೆ ಹಿಂದೆ ನೋಡಿದೆ. ಅತ್ತೆಯ ಕಣ್ಣು ಮುಚ್ಚಿಯೇ ಇತ್ತು, ಆದರೆ ಚೀಲದ ಮೇಲಿದ್ದ ಬೆರಳುಗಳು ಚೀಲವನ್ನು ಬಿಗಿಯಾಗಿ ಹಿಡಿದಿದ್ದವು. ಮಲಗಿದವರ ಕೈ ಹಾಗಿರುವುದಿಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ಆ ಗಾದೆಗೆ ಹೀಗೂ ಒಂದು ಅರ್ಥವಿದೆ ಅಂತ ನನಗೆ ಯಾರೂ ಹೇಳಿರಲಿಲ್ಲ.

"ಪಚ್ಚ ಬಿತ್ರಿ, ಮಾವಾರ," ಅಂದೆ.

ಮಾವ ನನ್ನ ಕಡೆ ತಿರುಗಿದರು. ಅವರ ತುಟಿಯ ಮೂಲೆ ಅಲುಗಿತು.

"ಯಾವ ಪಚ್ಚ ಯವ್ವಾ? ನಮ್ಮದೋ, ಅವರದೋ?"

"ನಮ್ಮದ್ರಿ. ನಡೀರಿ."